ನದಿಮೂಲ, ಋಷಿಮೂಲ, ಹರ್ಲಿಂಗ್ ಮೂಲ

ನದಿಮೂಲ, ಋಷಿಮೂಲ ಹುಡುಕಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನನ್ನಂಥವನೊಬ್ಬನನ್ನು ನೋಡಿಯೇ ಹೇಳಿರಬೇಕು. ಕಟ್ಟಡ ಏಳುವ ಮೊದಲು ಮಣ್ಣು ಕೊರೆದು ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಹೂಸ್ಟನ್ನಿನ ಜಿಗುಟು ಮಣ್ಣನ್ನು ಇಷ್ಟು ವರ್ಷ ಅಗೆದೂ ಅಗೆದೂ, ಏನು ಕಂಡರೂ ಇದರ ತಳ ಎಲ್ಲಿದೆ ಎಂದು ಕೆದಕುವ ಚಟ ಅಂಟಿಕೊಂಡಿದೆ. ಅಲ್ಲದೆ 'ಮೊದಲು ಯಾರು' ಎನ್ನುವ ಪ್ರಶ್ನೆ ಯಾರಿಗೆ ರುಚಿಸುವುದಿಲ್ಲ ಹೇಳಿ? ಇಲ್ಲಿನ ಕನ್ನಡದವರ ಮನೆಗೆ ಹೋದರೆ ಕಾಫಿ ಕೈಗೆ ಬರುವ ಮೊದಲೇ "ನೀವು ಟೆಕ್ಸಾಸಿಗೆ ಯಾವಾಗ ಬಂದಿದ್ದು?" ಎಂಬ ಪ್ರಶ್ನೆ ಬರುತ್ತದೆ. ನಾವು ಏನೇ ಹೇಳಲಿ, ಅವರು ಅದಕ್ಕಿಂತ ಮೊದಲೇ ಬಂದಿರುತ್ತಾರೆ. "ನಾವು ಬಂದಾಗ ಇಲ್ಲಿ ಒಂದು ಎಸಳು ಕರಿಬೇವಿಗೂ ಗತಿ ಇರಲಿಲ್ಲ ಕಣ್ರೀ" ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಕರಿಬೇವು ಇಲ್ಲದಿದ್ದುದರಲ್ಲಿ ಹೆಮ್ಮೆ ಪಡುವಂಥದ್ದೇನು ಎಂಬುದು ನನಗೆ ಇನ್ನೂ ತಿಳಿದಿಲ್ಲ.

ಈ ಕಾಯಿಲೆ ನಮ್ಮದೊಂದೇ ಎಂದುಕೊಂಡಿದ್ದೆ. ಹೂಸ್ಟನ್ನಿನ ಪಕ್ಕದ ಫುಲ್‌ಶೀರಿನ ನಮ್ಮ ಬಡಾವಣೆಗೆ ಬಂದ ಮೇಲೆ ಐರ್ಲೆಂಡಿನವರಿಗೂ ಉಂಟು ಎಂದು ಗೊತ್ತಾಯಿತು. ನಮ್ಮ ಬೀದಿಯಲ್ಲಿ ಇಬ್ಬರು ಐರಿಷ್ ಗೆಳೆಯರಿದ್ದಾರೆ. ಡೆಕ್ಲನ್ ಎಣ್ಣೆ ಪೈಪುಗಳ ಎಂಜಿನಿಯರ್, ಕಿಲ್ಕೆನಿ ಎಂಬ ಊರಿನವನು. ಅವನಿಗೆ ಹರ್ಲಿಂಗ್ ಎಂದರೆ ಪ್ರಾಣ. ತುದಿ ಚಪ್ಪಟೆಯಾದ ಕೋಲಿನಿಂದ ಪುಟ್ಟ ಚೆಂಡನ್ನು ಗಾಳಿಯಲ್ಲೇ ಬಾರಿಸುತ್ತಾ ಓಡುವ ಆಟ ಅದು. ಮಾರ್ಟಿನ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಕೆರಿ ಸೀಮೆಯವನು. ಅವನದು ಗೇಲಿಕ್ ಫುಟ್‌ಬಾಲ್. ಇದರಲ್ಲಿ ಚೆಂಡನ್ನು ಒದೆಯಲೂಬಹುದು, ಕೈಯಲ್ಲಿ ಹಿಡಿಯಲೂಬಹುದು. ಇಬ್ಬರೂ ಸೇರಿ ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಬೀದಿಯ ಮಕ್ಕಳಿಗೆ ಎರಡೂ ಆಟ ಹೇಳಿಕೊಡುತ್ತಿದ್ದರು.

ನಮ್ಮ ಅನಘಾ ಅಲ್ಲಿಗೆ ಹೋಗತೊಡಗಿದ್ದು ಆಕಸ್ಮಿಕ. ಹನ್ನೆರಡು ವರ್ಷದ ಈ ನನ್ನ ಮಗಳು ಅಷ್ಟರಲ್ಲಿ ಭರತನಾಟ್ಯ, ಪಿಯಾನೊ, ಈಜು, ಟೆನಿಸ್ ಎಲ್ಲಕ್ಕೂ ಸೇರಿ ಎಲ್ಲವನ್ನೂ ಬಿಟ್ಟಾಗಿತ್ತು. ಮೊದಲ ದಿನ ಅವಳು ಹರ್ಲಿಂಗ್ ಕೋಲು ಹಿಡಿದು ಮನೆಗೆ ಬಂದಾಗ ನನ್ನ ಹೆಂಡತಿ ಗಿರಿಜಾ, "ಇದೇನವಾ, ಇಷ್ಟು ದೊಡ್ಡ ಸಟ್ಟುಗ! ಯಾರ ಮನಿ ರೊಟ್ಟಿ ತಿರುವಾಕ?" ಎಂದು ನಕ್ಕಳು. ಅವಳು ಧಾರವಾಡದವಳು, ನಾನು ಮೈಸೂರಿನವನು. ಆಮೇಲೆ ನಗು ನಿಂತಿತು. ಏಕೆಂದರೆ ಹಾಸಿಗೆಯಿಂದ ಎಬ್ಬಿಸಲು ಗಂಟಲು ಹರಿದುಕೊಳ್ಳಬೇಕಿದ್ದ ಮಗಳು ಶನಿವಾರ ತಾನೇ ಎದ್ದು, ಶೂ ಕಟ್ಟಿ, ಬಾಗಿಲಲ್ಲಿ ನಿಂತು "ಅಪ್ಪಾ, ವಿ ಆರ್ ಲೇಟ್" ಎನ್ನತೊಡಗಿದಳು. ಹೆತ್ತವರಿಗೆ ಇದಕ್ಕಿಂತ ಬೇರೆ ಸ್ವರ್ಗ ಬೇಕೆ?

ಆ ಸ್ವರ್ಗಕ್ಕೆ ಕಲ್ಲು ಬಿದ್ದದ್ದು ಡಾಲಸ್‌ನ ಐರಿಷ್ ಮೇಳದಿಂದ. ಮಕ್ಕಳು ಅಲ್ಲಿ ಆಸ್ಟಿನ್ನಿನ ತಂಡದ ಜೊತೆ ಎರಡೂ ಆಟ ಆಡಿ ತೋರಿಸಬೇಕು ಎಂದಾಯಿತು. ಮೊದಲು ಯಾವ ಆಟ? "ಹಳೆಯದು ಮೊದಲು, ಅದರಲ್ಲೇನು ಅನುಮಾನ?" ಎಂದ ಡೆಕ್ಲನ್. ತನ್ನ ಆಟ ಐರ್ಲೆಂಡಿನ ಪುರಾಣದಲ್ಲೇ ಇದೆಯೆಂದೂ, ಅಲ್ಲಿನ ಬಾಲವೀರನೊಬ್ಬ ದಾರಿಯುದ್ದಕ್ಕೂ ಚೆಂಡು ಬಾರಿಸುತ್ತಲೇ ರಾಜನ ಬಳಿಗೆ ಹೋದನೆಂದೂ ವಾದಿಸಿದ. "ಕಥೆ ಸಾಕ್ಷಿಯಲ್ಲ" ಎಂದ ಮೇಷ್ಟ್ರು. "ನಿನ್ನ ಆಟವನ್ನು ಒಂದು ಕಮಿಟಿ ಮೇಜಿನ ಮೇಲೆ ಹುಟ್ಟಿಸಿತು. ರಗ್ಬಿಯಲ್ಲಿ ಮಿಕ್ಕಿದ್ದನ್ನು ಆರಿಸಿ ಮಾಡಿದ್ದು ಅದು" ಎಂದ ಡೆಕ್ಲನ್. ಅಷ್ಟು ಸಾಕಾಯಿತು. ಕೆರಿಯವನಿಗೆ ಅವನ ಫುಟ್‌ಬಾಲ್ ನಿನ್ನೆ ಮೊನ್ನೆ ಹುಟ್ಟಿದ್ದು ಎನ್ನುವುದೂ, ನಮ್ಮ ಕಡೆಯವರಿಗೆ ನಿಮ್ಮ ಮನೆ ಸಾರಿನಪುಡಿ ಅಂಗಡಿಯದು ಎನ್ನುವುದೂ ಒಂದೇ. ಸಂಜೆ ಇಬ್ಬರಿಂದಲೂ ಬೇರೆ ಬೇರೆ ಮೆಸೇಜ್ ಬಂತು: ಶನಿವಾರ ಕ್ಲಾಸ್ ಇಲ್ಲ. ಅನಘಾ ಕೋಣೆಯ ಬಾಗಿಲು ಹಾಕಿಕೊಂಡಳು. ಎಷ್ಟೋ ವರ್ಷಕ್ಕೆ ಮಗಳಿಗೆ ಒಂದು ಹಿಡಿಸಿದರೆ ಅದನ್ನೂ ಈ ಹಿರಿಯ ಮಕ್ಕಳು ಹಾಳುಮಾಡಬೇಕೆ?

ರಾಜಿ ಮಾಡಿಸಲು ಹೊರಟವನು ಸತ್ಯ ತಿಳಿದಿರಬೇಕಲ್ಲ ಎಂದು ನಾನು ಓದತೊಡಗಿದೆ. ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಹೊತ್ತಿಗೆ ರಾಜಿಯೂ ಮರೆತುಹೋಯಿತು, ಮಗಳೂ ಮರೆತುಹೋದಳು, ಅಷ್ಟು ಸ್ವಾರಸ್ಯವಾಗಿತ್ತು. ಆ ದೇಶದ ಹಳೆಯ ಕಾನೂನುಗಳಲ್ಲಿ ಕೋಲು ಚೆಂಡಿನ ಆಟದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕು ಎಂದು ಬರೆದಿದೆಯಂತೆ. ಎಂಥ ಆಟ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು! ಊರೂರ ಗದ್ದೆ ಬಯಲುಗಳಲ್ಲಿ ಚೆಂಡು ಒದೆಯುವುದೂ ಹಳೆಯದೇ, ಆದರೆ ಹೇಗೆ ಒದೆಯುತ್ತಿದ್ದರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಈಗಿನ ನಿಯಮಗಳನ್ನು ಬರೆದಿಟ್ಟದ್ದು ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಟ್ಟಿಗೇ. ಹಾಗಾದರೆ ಆಟವೊಂದು ಹುಟ್ಟುವುದು ಯಾವಾಗ? ಯಾರೋ ಮೊದಲ ಸಲ ಬಾರಿಸಿದಾಗಲೋ, ಯಾರೋ ಮೊದಲ ಸಲ "ಹೀಗೆ ಬಾರಿಸಬಾರದು" ಎಂದಾಗಲೋ? ಇದನ್ನು ಯೋಚಿಸುತ್ತಾ ಒಲೆಯ ಮೇಲಿಟ್ಟ ಹಾಲು ಉಕ್ಕಿಸಿದೆ. ಗಿರಿಜಾ ಏನಂದಳು ಎಂಬುದು ಇಲ್ಲಿ ಬೇಡ.

ಇಬ್ಬರನ್ನೂ ಊಟಕ್ಕೆ ಕರೆದು, ಬಿಸಿಬೇಳೆಭಾತ್ ಬಡಿಸಿ, ನನ್ನ ಸಂಶೋಧನೆಯನ್ನೂ ಬಡಿಸಿದೆ. ಇಬ್ಬರಿಗೂ ಅರ್ಧರ್ಧ ನ್ಯಾಯ ಕೊಟ್ಟರೆ ಇಬ್ಬರಿಗೂ ಪೂರ್ತಿ ಸಿಟ್ಟು ಬರುತ್ತದೆ ಎಂದು ಅಂದು ಕಲಿತೆ. ನಮ್ಮ ಕನ್ನಡ ಸಂಘದಲ್ಲಿ ಯಾರ ಹೆಸರು ಮೊದಲು ಎಂಬ ಜಗಳಕ್ಕೆ ಒಂದೇ ಮದ್ದು, ಅಕಾರಾದಿ. ಅದನ್ನೂ ಪ್ರಯೋಗಿಸಿದೆ. ಅಕ್ಷರ ಹಿಡಿದರೆ ಫುಟ್‌ಬಾಲೇ ಮೊದಲು. ಆದರೆ ಡೆಕ್ಲನ್ ಐರಿಷ್ ಭಾಷೆಯಲ್ಲಿ ಎರಡರ ಹೆಸರನ್ನೂ ಹೇಳಿ, ಅಲ್ಲಿ ಹರ್ಲಿಂಗೇ ಮೊದಲು ಬರುತ್ತದೆ ಎಂದು ತೋರಿಸಿದ. ಕೊನೆಗೆ ಅನಘಾ ಅಡುಗೆಮನೆಯಿಂದ ಬಂದು, ಯಾರನ್ನೂ ನೋಡದೆ, "ಕ್ಯಾನ್ ವಿ ಜಸ್ಟ್ ಪ್ಲೇ?" ಎಂದಳು. ಇಬ್ಬರೂ ತಟ್ಟೆ ನೋಡಿದರು. ನಾಣ್ಯ ಚಿಮ್ಮೋಣ, ಡಾಲಸ್‌ಗೆ ಹೋಗೋಣ, ಆಮೇಲೆ ಈ ಕ್ಲಾಸ್ ಸಹವಾಸ ಸಾಕು ಎಂದು ತೀರ್ಮಾನವಾಯಿತು.

ಮೇಳದ ದಿನ ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಬಂದರು. ನಾಣ್ಯ ಹರ್ಲಿಂಗ್ ಪಾಲಿಗೆ ಬಿತ್ತು. ಇವನು ಮಾತಾಡಬಾರದು ಎಂದು ಅವನು, ಅವನು ಮಾತಾಡಬಾರದು ಎಂದು ಇವನು ಹಟ ಹಿಡಿದದ್ದರಿಂದ ಆಟಗಳನ್ನು ಪರಿಚಯಿಸುವ ಮೈಕು ನನ್ನ ಕೈಗೆ ಬಂತು. ಎರಡೂ ಪುರಾತನ, ಎರಡೂ ಶ್ರೇಷ್ಠ ಎಂದು ಜಾಣತನದಿಂದಲೇ ಶುರುಮಾಡಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಡಾಲಸ್ ಪಕ್ಕದ ಲಿಟಲ್ ಎಲ್ಮ್‌ನಿಂದ ಬಂದಿದ್ದ ನಮ್ಮವರೊಬ್ಬರು, ರಾಮಣ್ಣ ಅಂಕಲ್, ಮೈದಾನದಲ್ಲಿ ಚೆಂಡು ಬಾರಿಸಿ ನೋಡುತ್ತಿದ್ದ ಮಕ್ಕಳನ್ನು ಕಂಡು, "ಏನಯ್ಯಾ ಇದು, ನಮ್ಮ ಚಿನ್ನಿದಾಂಡು ಇದ್ದಂಗಿದೆಯಲ್ಲೋ!" ಎಂದು ಕೂಗಿದರು. ನನಗೆ ಮೈಯೆಲ್ಲ ಜುಂ ಎಂದಿತು. ಇಷ್ಟು ಓದಿದರೂ ಇದು ಹೊಳೆದಿರಲಿಲ್ಲವಲ್ಲ! ಕೋಲು, ಗಾಳಿಯಲ್ಲಿ ಹಾರಿಸಿ ಹೊಡೆಯುವ ಪುಟ್ಟ ವಸ್ತು, ಮತ್ತೆ ಓಟ. "ಸ್ನೇಹಿತರೇ," ಎಂದೆ ಮೈಕಿನಲ್ಲಿ, "ನಿಜ ಹೇಳಬೇಕೆಂದರೆ ಈ ಆಟ ನಮ್ಮ ಮೈಸೂರು ಕಡೆಯದು. ಐರ್ಲೆಂಡಿಗೆ ಅಲ್ಲಿಂದಲೇ ಹೋಗಿರಬೇಕು. ಫುಟ್‌ಬಾಲೂ ಅದರ ಹಿಂದೆಯೇ ಹೋಗಿದ್ದರೆ ಆಶ್ಚರ್ಯವಿಲ್ಲ."

ರಾಮಣ್ಣ ಅಂಕಲ್ ಒಬ್ಬರೇ ಚಪ್ಪಾಳೆ ತಟ್ಟಿದರು. ಆಟ ಶುರುವಾಯಿತು. ಡೆಕ್ಲನ್ ಈ ಕಡೆಯಿಂದ, ಮಾರ್ಟಿನ್ ಆ ಕಡೆಯಿಂದ ನನ್ನತ್ತ ಬಂದರು. "ನಿಮ್ಮದರಲ್ಲಿ ಚೆಂಡೆಲ್ಲಿದೆ? ಗೋಲೆಲ್ಲಿದೆ?" ಎಂದ ಡೆಕ್ಲನ್. "ಡೆಕ್ಲನ್ ಹೇಳೋದು ಸರಿ" ಎಂದ ಮಾರ್ಟಿನ್. ಆ ಮಾತು ಅವನ ಬಾಯಿಂದ ಬಂದದ್ದಕ್ಕೆ ಅವನೇ ಒಂದು ಕ್ಷಣ ಬೆಚ್ಚಿದ. ಆಮೇಲೆ ಇಬ್ಬರೂ ಸೇರಿಕೊಂಡು, ಒಬ್ಬರ ಮಾತು ಇನ್ನೊಬ್ಬರು ಎತ್ತಿಕೊಡುತ್ತಾ, ನನ್ನನ್ನು ಗೋಡೆಗೆ ಒತ್ತಿದಂತೆ ಪ್ರಶ್ನೆ ಕೇಳತೊಡಗಿದರು. ಪುರಾಣದ ಬಾಲವೀರನ ಪರವಾಗಿ ಮಾರ್ಟಿನ್ನೇ ಸಾಕ್ಷಿ ನುಡಿದ. ನಾನೂ ಬಿಡಲಿಲ್ಲ, ಅಳಿದುಳಿದ ದೇವಸ್ಥಾನದ ಕೆತ್ತನೆಗಳನ್ನೆಲ್ಲ ನೆನಪಿಸಿಕೊಂಡು ವಾದಿಸುತ್ತಿದ್ದೆ. ಆಗ ಜನರೆಲ್ಲ ಒಮ್ಮೆಲೇ ಕೂಗಿದರು. ನಾವು ಮೂವರೂ ತಿರುಗಿ ನೋಡಿದಾಗ ಅನಘಾ ಕೋಲನ್ನು ಮೇಲೆತ್ತಿ ನಿಂತಿದ್ದಳು, ಚೆಂಡು ಬಲೆಯೊಳಗಿತ್ತು. ಓಡುತ್ತಲೇ ಹೊಡೆದಳಂತೆ. ಅವಳ ಮೊದಲ ಗೋಲು. ಅವಳು ನಮ್ಮ ಕಡೆಗೇ ನೋಡುತ್ತಿದ್ದಳು, ನಾವು ನೋಡಲಿಲ್ಲ ಎಂಬುದು ಅವಳಿಗೆ ತಿಳಿದುಹೋಗಿತ್ತು.

ನನಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಅವರಿಬ್ಬರಿಗೂ ಹಾಗೇ ಆಗಿರಬೇಕು. ಎರಡೂ ಆಟ ಮುಗಿದದ್ದೇ ತಡ ಮಾರ್ಟಿನ್ ಅವಳ ಬಳಿಗೆ ಹೋಗಿ, "ಶನಿವಾರ ಪಾರ್ಕಿನಲ್ಲಿ ಇದನ್ನೇ ಮತ್ತೆ ಹೊಡೆದು ತೋರಿಸಬೇಕು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನೋಡುತ್ತೇವೆ" ಎಂದ. ಡೆಕ್ಲನ್ ತಲೆಯಾಡಿಸಿದ. ಹೂಸ್ಟನ್ನಿಗೆ ಅವರು ಜೊತೆಯಾಗಿ, ಒಂದರ ಹಿಂದೊಂದು ಕಾರು ಓಡಿಸಿಕೊಂಡು, ಫೋನಿನಲ್ಲಿ ನನ್ನನ್ನು ಬೈಯುತ್ತಾ ಹೋದರಂತೆ.

ನಮ್ಮ ಕಾರಿನಲ್ಲಿ ಅನಘಾ "ಯು ಮಿಸ್ಡ್ ಇಟ್, ಅಪ್ಪಾ" ಎಂದಳು, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ನಾನು ಮೆಲ್ಲಗೆ ಗಿರಿಜಾಗೆ, "ನೋಡಿದೆಯಾ, ಅವರಿಬ್ಬರನ್ನು ಒಂದು ಮಾಡೋಕೆ ನಾನು ಹೇಗೆ ತಂತ್ರ ಹೂಡಿದೆ" ಎಂದೆ.

"ತಂತ್ರ ಗಿಂತ್ರ ಏನೂ ಇಲ್ರಿ. ನೀವು ಖರೇನ ನಂಬಿ ಹೇಳೀರಿ" ಎಂದಳು. "ಮತ್ತ ಅದರಾಗೂ ತಪ್ಪು ಹೇಳೀರಿ. ಮೈಸೂರ ಕಡೆ ಆಟ ಅಂದ್ರಿ. ಅದು ನಮ್ಮ ಧಾರವಾಡದ ಚಿಣಿಫಣಿ. ಅಲ್ಲಿಂದನ ನಿಮ್ಮ ಕಡೆ ಬಂದೈತಿ."

ಮಗಳ ಗೋಲು ತಪ್ಪಿಸಿಕೊಂಡು ಇನ್ನೂ ಅರ್ಧ ದಿನವೂ ಕಳೆದಿರಲಿಲ್ಲ. ಇನ್ನು ಜನ್ಮದಲ್ಲಿ ಯಾವುದರ ಮೂಲವನ್ನೂ ಕೆದಕುವುದಿಲ್ಲ ಎಂದು ಆಗಷ್ಟೇ ಮನಸ್ಸಿನಲ್ಲಿ ಆಣೆ ಮಾಡಿಕೊಂಡಿದ್ದೆ. ಆದರೂ ಕಾರು ನಿಧಾನ ಮಾಡಿ, "ಸಾಕ್ಷಿ?" ಎಂದೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅವಳು ಇಳಿದು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಹೋಗಿ ಕೂತಳು. ಮನೆ ಮುಟ್ಟುವವರೆಗೂ ನಮ್ಮಿಬ್ಬರಲ್ಲಿ ಮಾತಿಲ್ಲ. ಸೋಲೋಣವೆಂದರೆ ನನಗೇನೂ ಅಭ್ಯಂತರವಿಲ್ಲ, ಆದರೆ ಆ ಆಟ ಮೈಸೂರಿನದು.