ತಲೆಯ ಮೇಲಿನ ಹಿಟ್ಟಿನ ಡಬ್ಬಿ

ಈಚೆಗೆ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಕೂರುವ ಮೊದಲು ಕತ್ತೆತ್ತಿ ಗೋಡೆಯ ಹಲಗೆಗಳನ್ನು ನೋಡುತ್ತೇನೆ. ಮೇಲೆ ಭಾರದ್ದೇನಾದರೂ ಕಂಡರೆ ಎರಡು ಹೆಜ್ಜೆ ಸರಿದು ಕೂರುತ್ತೇನೆ. ಮೊನ್ನೆ ಸುರಪುರದಲ್ಲಿ ಹೆಂಡತಿಯ ತವರಿಗೆ ಹೋದಾಗಲೂ ಹೀಗೇ ಮಾಡಿದೆ. ಅತ್ತೆಯವರು ನನ್ನ ಕಣ್ಣು ಹೋದ ಕಡೆ ತಾವೂ ನೋಡಿದರು. ಮರುದಿನ ನಾನು ಏಳುವಷ್ಟರಲ್ಲಿ ಮನೆಯ ಜೇಡರ ಬಲೆಯೆಲ್ಲ ಮಾಯವಾಗಿತ್ತು. "ನಿನ್ನ ಗಂಡ ಭಾಳ ಸ್ವಚ್ಛ ನೋಡ್ತಾರಲ್ಲವ್ವ" ಎಂದು ಮಗಳಿಗೆ ಹೇಳಿದರಂತೆ. ಅದು ಸ್ವಚ್ಛತೆಯಲ್ಲ, ಹೆದರಿಕೆ ಎಂದು ತಿಳಿಸಬೇಕಾದರೆ ಹಿಟ್ಟಿನ ಡಬ್ಬಿಯ ಕತೆ ಹೇಳಬೇಕು. ಆ ಕತೆಯಲ್ಲಿ ನಾನು ಎಲ್ಲಿಯೂ ಒಳ್ಳೆಯವನಾಗಿ ಕಾಣುವುದಿಲ್ಲ.

ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ದಪ್ಪ ಪುಸ್ತಕ ಕೆಳಗೆ, ತೆಳ್ಳಗಿನದು ಮೇಲೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ವರ್ಷಗಟ್ಟಲೆ ಪಾಲಿಸಿದವನು ಮನೆಗೆ ಬಂದು ಚಪ್ಪಲಿಯ ಜೊತೆಗೆ ಬುದ್ಧಿಯನ್ನೂ ಹೊಸ್ತಿಲಾಚೆ ಬಿಟ್ಟೆ. ಮನೆಯಲ್ಲಿ ನಾವು ಮೂವರು. ನಾನು, ಹೆಂಡತಿ ನೀಲಮ್ಮ, ನಮ್ಮವ್ವ. ಮೂವರ ಜೀವವೂ ಜೋಳದ ರೊಟ್ಟಿಯ ಮೇಲೆ. ಅವ್ವನಿಗೆ ಜೋಳದ ಹಿಟ್ಟೆಂದರೆ ದೇವರು. ಅದನ್ನು ನೆಲಕ್ಕಿಡುವಂತಿಲ್ಲ, ಅದರ ಹತ್ತಿರ ಕಾಲು ಸುಳಿಯುವಂತಿಲ್ಲ. "ಹೊಟ್ಟಿಗಿ ಹಾಕೋದನ್ನ ಕಾಲ ಬುಡಕ ಇಡ್ತಾರೇನೋ?" ಎಂಬ ಮಾತು ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಹೋದ ವರ್ಷ ಅಡಿಗೆಮನೆಗೆ ಸುಣ್ಣ ಬಳಿಸಿದಾಗ ಆ ಮಾತಿಗೆ ಶಾಶ್ವತ ಪರಿಹಾರ ಕಂಡುಹಿಡಿದೆ. ಒಲೆಯ ಮಗ್ಗುಲ ಗೋಡೆಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಕಲ್ಲುಹಲಗೆಯ ಮೇಲೆ, ಹದಿನೈದು ಕಿಲೋ ಹಿಡಿಯುವ ತಗಡಿನ ಡಬ್ಬಿಯನ್ನು ಏರಿಸಿಬಿಟ್ಟೆ. ಅವ್ವ ಕೈ ಮುಗಿದಳು. ನೀಲಮ್ಮ ಮಾತ್ರ, "ನಾ ಅದನ್ನ ಹ್ಯಾಂಗ ಇಳಸ್ಲಿ?" ಎಂದಳು. "ದಿನಾ ಒಂದ್ ಸಲ ತಾನೆ? ಕೈಗಿ ವ್ಯಾಯಾಮ ಆಗ್ತದ" ಎಂದೆ. ಬಾಯಿಂದ ಬಿದ್ದ ಮಾತನ್ನು ವಾಪಸು ತೆಗೆದುಕೊಳ್ಳುವ ವ್ಯವಸ್ಥೆ ಗ್ರಂಥಾಲಯದಲ್ಲೂ ಇಲ್ಲ.

ಆರು ತಿಂಗಳಾಗಿರಬೇಕು. ಒಂದು ದಿನ ನೀಲಮ್ಮ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಬಲಗೈ ಕಿವಿಯವರೆಗೆ ಏರಿ ಅಲ್ಲೇ ನಿಲ್ಲುತ್ತಿತ್ತು. ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ, ಸೆರಗು ಹಿಂದೆ ಸಿಕ್ಕಿಸಲಾಗುತ್ತಿರಲಿಲ್ಲ. ಆದರೂ ಆ ಕೈಯಿಂದಲೇ ದಿನವೂ ರೊಟ್ಟಿ ಬಡಿದು ನನ್ನ ತಾಟಿಗೆ ಹಾಕಿದ್ದಳು, ನಾನು ಉಂಡಿದ್ದೆ. ಅವ್ವ, "ವಾಯು ಹಿಡದಾದ, ಯಾರಾದ್ರೂ ಗಟ್ಟಿ ಆಳಿನ ಕೈಲಿ ಒಮ್ಮಿ ಜಗ್ಗಸ್ರಿ" ಎಂದಳು. ನಾನು ಓದಿದವನಲ್ಲವೇ, ಯಾದಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಮನೆಯಲ್ಲಿ ಉರ್ದು ಮಾತಾಡುವವಳು. "ಭಾಭಿ, ಕೈ ಮ್ಯಾಲ ಎತ್ರಿ. ಇನ್ನಾ ಜರಾ... ಬಸ್, ಬಸ್" ಎಂದು ಮುಟ್ಟಿ ನೋಡಿ, "ಭುಜ ಬಿಗದು ಕುಂತಾದ. ಜೋರಿನಿಂದ ಜಗ್ಗಸಬ್ಯಾಡ್ರಿ ಮತ್ತ, ಹರಕೊಂಡು ಕುಂದರ್ತದ. ದಿನಾ ಮೆಲ್ಲಕ ನೀವೇ ಬಿಡಸ್ಕೋಬೇಕು" ಎಂದಳು. ಒಂದು ಕೈ ಮೇಜಿಗೆ ಊರಿ ಬಾಗಿ, ನೋವಿನ ಕೈಯನ್ನು ಗಂಟೆಯ ನಾಲಗೆಯಂತೆ ಇಳಿಬಿಟ್ಟು ತೂಗಾಡಿಸುವುದು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ಹತ್ತಿಸುವುದು. ಬಿಸಿನೀರಿನ ಶಾಖ ಕೊಡುವುದು. ನಾಲ್ಕು ರೊಟ್ಟಿಗೊಮ್ಮೆ ಕೈ ಬಿಟ್ಟು ಹೆಗಲು ಸಡಿಲಿಸಬೇಕು. ಭಾರದ ಸಾಮಾನು ಸೊಂಟದಿಂದ ಎದೆಯ ನಡುವೆ ಇರಬೇಕು. "ಹೆಗಲಿಗಿಂತ ಮ್ಯಾಲಿನ ಭಾರ ಎತ್ತಬ್ಯಾಡ್ರಿ, ಇಳಸಬ್ಯಾಡ್ರಿ" ಎಂದು ಎರಡು ಸಲ ಹೇಳಿ ನನ್ನ ಕಡೆ ತಿರುಗಿದಳು. "ಭೈಯಾ, ನಿಮಗೂ ಕೇಳಸ್ತಲ್ಲ?"

"ಎಲ್ಲಾ ಬರಕೊಂಡೀನಿ" ಎಂದೆ ಹೆಮ್ಮೆಯಿಂದ.

ಬರೆದುಕೊಂಡದ್ದು ನಿಜ. ಊರಿಗೆ ಬಂದು ಅದನ್ನೇ ದೊಡ್ಡ ಹಾಳೆಯ ಮೇಲೆ ದುಂಡಗೆ ನಕಲು ಮಾಡಿದೆ, ಹೆಗಲಿನ ಭಾರದ ಸಾಲಿಗೆ ಕೆಂಪು ಗೆರೆ ಎಳೆದೆ. ದಿನವೂ ಕಣ್ಣಿಗೆ ಬೀಳುವಂಥ ಜಾಗ ಹುಡುಕಿ, ಹಿಟ್ಟಿನ ಡಬ್ಬಿಗೇ ಅಂಟಿಸಿದೆ. ದೂರ ನಿಂತು ನೋಡಿದೆ. ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು.

ಅಂದಿನಿಂದ ನಾನು ಮೇಲ್ವಿಚಾರಕನಾದೆ. ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಪಡಸಾಲೆಯ ಕುರ್ಚಿಯಲ್ಲಿ ಕೂತು, "ಹತ್ತಾಗಿಲ್ಲ, ಎಂಟೇ ಆಗ್ಯಾವ" ಎಂದು ಎಣಿಸುತ್ತಿದ್ದೆ. ನೀಲಮ್ಮ ಗೋಡೆಯ ಕಡೆ ಮುಖವಿಟ್ಟೇ, "ಎಣಿಸೋದು ಸಾಕ್ರಿ, ಡಬ್ಬಿ ಇಳಸಿ ಕೊಡ್ರಿ" ಎನ್ನುತ್ತಿದ್ದಳು. "ಚಹಾ ಮುಗಿಸಿ ಬಂದೆ." ಕೆಲವು ದಿನ ಬರುತ್ತಿದ್ದೆ. ಕೆಲವು ದಿನ ಚಹಾ ಮುಗಿಯುತ್ತಿರಲಿಲ್ಲ.

ಆ ದಿನವೂ ಮುಗಿಯಲಿಲ್ಲ. ಅವ್ವನಿಗೆ ಹೆಚ್ಚು ಹೊತ್ತು ನಿಲ್ಲಲಾಗದ್ದರಿಂದ ಗ್ಯಾಸಿನ ಒಲೆ ನೆಲದ ಮೇಲೇ ಇದೆ. ಅವಳು ಅದರ ಮುಂದೆ ಕೂತು ಹಂಚಿನ ಮೇಲಿನ ರೊಟ್ಟಿ ಕಾಯುತ್ತಿದ್ದಳು. ಹಿಟ್ಟು ಸಾಲದೆ ಬಂತು. ನೀಲಮ್ಮ ಎರಡು ಸಲ ಕರೆದಳು. ನಾನು "ಬಂದೆ" ಎಂದೆ, ನಿಜಕ್ಕೂ ಎದ್ದು ಬಾಗಿಲವರೆಗೆ ಬಂದೆ. ಅಷ್ಟರಲ್ಲಿ ಅವಳು ಮಣೆಯ ಮೇಲೆ ನಿಂತು ಡಬ್ಬಿಗೆ ಎರಡೂ ಕೈ ಹಚ್ಚಿದ್ದಳು. ಎಡಗೈ ಮೇಲೆ ಹೋಯಿತು. ಬಲಗೈ ಕಿವಿಯ ಹತ್ತಿರ ನಿಂತಿತು. ಡಬ್ಬಿ ವಾಲಿದ್ದನ್ನು ನಾನು ನೋಡಿದೆ. ಅದರ ನೇರ ಕೆಳಗೆ ಅವ್ವನ ನೆರೆತ ಬೈತಲೆ ಇದ್ದದ್ದನ್ನೂ ನೋಡಿದೆ. ಅದೇ ಕ್ಷಣ ಅವ್ವ ರೊಟ್ಟಿಗೆ ನೀರು ಸವರಲೆಂದು ಪಕ್ಕದ ತಂಬಿಗೆಗೆ ಬಾಗಿದಳು. ಡಬ್ಬಿ ಅವಳು ಕೂತಿದ್ದ ಮಣೆಯ ಅಂಚಿಗೆ ಬಡಿದು ಹಂಚನ್ನು ಒಡೆಯಿತು.

ಆಮೇಲೆ ಬರೀ ಬಿಳುಪು. ನೀಲಮ್ಮ ಎಲ್ಲಿ, ಅವ್ವ ಎಲ್ಲಿ, ತಿಳಿಯಲಿಲ್ಲ. ಆ ಬಿಳುಪಿನೊಳಗಿಂದ ಎಡಗೈಯೊಂದು ಬಂದು ಗ್ಯಾಸು ಆರಿಸಿತು. ನಂತರ ಕೆಮ್ಮು. ನಂತರ ಅವ್ವನ ದನಿ: "ಹಿಟ್ಟಿಗಿ ಕಾಲ ಹಚ್ಚಬ್ಯಾಡ್ರೋ!"

ನಾನು ಪಾದ ಮುಳುಗುವಷ್ಟು ಹಿಟ್ಟಿನಲ್ಲಿ ನಿಂತಿದ್ದೆ. ಕೈಯಲ್ಲಿ ಕಪ್ಪು ಹಾಗೇ ಇತ್ತು. ಒಂದು ಹನಿ ಚಹಾ ಚೆಲ್ಲಿರಲಿಲ್ಲ.

ನೀಲಮ್ಮ ಅವ್ವನನ್ನು ತಬ್ಬಿಕೊಂಡು ಅತ್ತಳು. ಅವ್ವ ಅಳಲಿಲ್ಲ. ಡಬ್ಬಿಗೆ ಅಂಟಿದ್ದ ಹಾಳೆಯನ್ನು ಬೆರಳಿಂದ ತೋರಿಸಿ, "ಇದರಾಗ ಏನ್ ಬರದಿ, ಓದು" ಎಂದಳು. ಓದಿದೆ. ಕೆಂಪು ಗೆರೆಯ ಸಾಲನ್ನೂ ಓದಿದೆ. ಅವ್ವ ಕೇಳಿದಳು: "ಇದನ್ನ ಡಬ್ಬಿಗಿ ಯಾಕ ಹಚ್ಚಿದ್ಯೋ ಶಾಣ್ಯಾ? ಡಬ್ಬಿ ಓದಿ ತಾನಾ ಇಳದು ಬರ್ತದಂತ ತಿಳಕೊಂಡಿದ್ದೇನು?"

ಈಗಲೂ ಗ್ರಂಥಾಲಯದಲ್ಲಿ ಯಾರಾದರೂ ಪುಸ್ತಕ ಬೀಳಿಸಿದರೆ ನನಗೆ ಆ ಸದ್ದೇ ಕೇಳುತ್ತದೆ. ಕೂತಲ್ಲೇ ಮತ್ತೆ ಆ ಬಾಗಿಲಲ್ಲಿ ನಿಂತಿರುತ್ತೇನೆ. ಕೆಲವು ಸಲ ಅವ್ವ ತಂಬಿಗೆಗೆ ಬಾಗುವುದಿಲ್ಲ.

ಡಬ್ಬಿ ಈಗ ಕಟ್ಟೆಯ ಮೇಲೆ, ಸೊಂಟದ ಎತ್ತರದಲ್ಲಿದೆ. ಗಿರಣಿಯಿಂದ ಹಿಟ್ಟು ತಂದು ತುಂಬುವವನು ನಾನು. "ಕಾಲಿಗಿ ತಾಗಲ್ಲ, ತಲಿಗಿ ಬೀಳಲ್ಲ. ಇಷ್ಟಕ್ಕ ಕಾಲೇಜ್ ಬೇಕಾಗಿತ್ತೇನು?" ಎಂದು ಅವ್ವ ಒಪ್ಪಿಕೊಂಡಿದ್ದಾಳೆ. ನೀಲಮ್ಮ ರೊಟ್ಟಿಯ ನಡುವೆ ಎದ್ದು ಗೋಡೆಗೆ ಬೆರಳು ಹತ್ತಿಸುತ್ತಾಳೆ. ಹಿಟ್ಟಿನ ಬೆರಳುಗಳ ಗುರುತು ಗೋಡೆಯ ಮೇಲೆ ಉಳಿಯುತ್ತದೆ, ಒರೆಸಲು ಬಿಡುವುದಿಲ್ಲ. ಮೊದಲ ಗುರುತು ಅವಳ ಗದ್ದದ ಮಟ್ಟದಲ್ಲಿತ್ತು. ಈಗಿನದು ಹಣೆ ದಾಟಿ ಒಂದು ಗೇಣು ಮೇಲೆ ಹೋಗಿದೆ.

ನಿನ್ನೆ ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ನಾನೂ ಗೋಡೆಗೆ ಮುಖ ಮಾಡಿ ನಿಂತು ಬಲಗೈ ಬೆರಳು ಹತ್ತಿಸಿದೆ. ನಾನು ಅವಳಿಗಿಂತ ಒಂದು ಗೇಣು ಎತ್ತರದವನು. ಆದರೂ ಅವಳ ಗುರುತಿಗೆ ನಾಲ್ಕು ಬೆರಳು ಇರುವಾಗಲೇ ಹೆಗಲಿನೊಳಗೆ ಏನೋ ಹಿಡಿದುಕೊಂಡು, ಕೈ ಮುಂದೆ ಹೋಗಲೊಲ್ಲದಾಯಿತು. ಎಷ್ಟು ದಿನದಿಂದ ಹೀಗಿದೆಯೋ ಗೊತ್ತಾಗಿರಲಿಲ್ಲ, ಚಹಾದ ಕಪ್ಪು ಎತ್ತುವುದಕ್ಕೆ ಅಷ್ಟು ಎತ್ತರ ಬೇಕಾಗಿರಲಿಲ್ಲ. ಹಿಂದೆ ಸಪ್ಪಳವಾಯಿತು. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಗ್ವಾಡಿ ಮ್ಯಾಲ ಏನ್ ಹುಡುಕಾಕತ್ತಿ?"

"ಹಲ್ಲಿ ಇತ್ತವ್ವ" ಎಂದೆ.

ಅವ್ವ ಗೋಡೆ ನೋಡಿದಳು, ನನ್ನ ಕೈ ನೋಡಿದಳು. ಪಡಸಾಲೆಯಿಂದ ನನ್ನ ಕುರ್ಚಿಯನ್ನು ನಿಧಾನವಾಗಿ ಎಳೆದು ತಂದು ಕೂತಳು.

"ಎತ್ತು" ಎಂದಳು. "ಒಂದು."