ಮುನ್ನೂರು ಪರ್ಸೆಂಟ್ ಮೆಚ್ಚುಗೆ

ಚನ್ನಕ್ಕ ಟೀಚರು ನಾಳೆ ನಿವೃತ್ತರಾಗುವವರು. ಬೀಳ್ಕೊಡುಗೆಯಲ್ಲಿ ಅವರ ಯಜಮಾನರೂ ನಾಲ್ಕು ಮಾತಾಡಬೇಕೆಂದು ಶಾಲೆಯವರು ಹೇಳಿಕಳಿಸಿದ್ದೇ ಮುರಿಗೆಪ್ಪನವರ ಗ್ರಹಚಾರವಾಯಿತು. ಮದುವೆಯಾಗಿ ಮೂವತ್ತೈದು ವರ್ಷವಾದರೂ ಹೆಂಡತಿಯ ಎದುರು ಒಂದು ಒಳ್ಳೆಯ ಮಾತಾಡಿ ಗೊತ್ತಿಲ್ಲದ ಮನುಷ್ಯ. ಪ್ರೀತಿ ಇರಲಿಲ್ಲವೆಂದಲ್ಲ, ಬಾಯಿಗೆ ಬರುತ್ತಿರಲಿಲ್ಲ. ಗುಟ್ಟಾಗಿ ಬರೆದಿಟ್ಟುಕೊಂಡು ನಾಳೆ ಒಂದೇ ಉಸಿರಿಗೆ ಓದಿಬಿಡುವುದೆಂದು ತೀರ್ಮಾನಿಸಿದರು.

ಭಾನುವಾರ ಮಧ್ಯಾಹ್ನ ಚನ್ನಕ್ಕ ರವಿಕೆ ಸರಿಮಾಡಿಸಲು ಎದುರುಮನೆಯ ಟೈಲರ್ ನೂರ್‌ಜಹಾನ್ ಹತ್ತಿರ ಹೋದದ್ದೇ ತಡ, ಕಂಪ್ಯೂಟರಿನ ಮುಂದೆ ಕೂತರು. ಜಾಲಹಳ್ಳಿಯ ಆ ಓಣಿಯಲ್ಲಿ ಎದುರುಮನೆಯೆಂದರೆ ಕಿಟಕಿಯಿಂದ ಕಿಟಕಿಗೆ ಸಕ್ಕರೆ ದಾಟಿಸುವಷ್ಟೇ ದೂರ.

ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದವನು ಮೇಲಿನ ಮನೆಯ ವಿಜಯಕುಮಾರ. ನಿನ್ನೆ, ತಾನು ಬಳಸಿ ಬಿಟ್ಟ ಮೂವತ್ತೆರಡು ಇಂಚಿನ ಫೋರ್‌ಕೆ ಮಾನಿಟರನ್ನೂ ಜೋಡಿಸಿ ಹೋಗಿದ್ದ. ಅದರಲ್ಲಿ ಅಕ್ಷರಗಳು ರಾಗಿಕಾಳಿನಂತೆ ಕಂಡವು. ಕಣ್ಣು ಕಿರಿದಾಗಿಸಿ ಹೇಗೋ ಒಂದು ಪುಟ ಬರೆದ ಮುರಿಗೆಪ್ಪ, ತಡೆಯಲಾರದೆ ಅವನನ್ನು ಕೂಗಿದರು.

“ಇದ್ರಲ್ಲಿ ಚುಕ್ಕಿ ಜಾಸ್ತಿ ಅಂಕಲ್, ಅದಕ್ಕೇ ಎಲ್ಲಾ ಸಣ್ಣ. ಸ್ಕೇಲ್ ಏರಿಸೋಣ,” ಎಂದು ನೂರಿಪ್ಪತ್ತೈದು ಪರ್ಸೆಂಟ್ ಇಟ್ಟ. ಎಲ್ಲವೂ ಮಸುಕಾಯಿತು. “ಲಾಗೌಟ್ ಆಗಿ ಬಂದ್ರೆ ಸರಿಹೋಗುತ್ತೆ,” ಎಂದವನು ಇವರು ಬೇಡವೆನ್ನುವ ಮೊದಲೇ ಒತ್ತಿಬಿಟ್ಟ. ಸೇವ್ ಮಾಡದ ಪುಟ ಗಾಳಿಗೆ ಹೋಯಿತು.

ಇನ್ನೂರಕ್ಕೆ ಏರಿಸಿದರೂ ಮುರಿಗೆಪ್ಪನವರ ಕಣ್ಣು ಒಪ್ಪಲಿಲ್ಲ. ಮುನ್ನೂರಕ್ಕೆ ಅಕ್ಷರಗಳು ಬಸ್ಸಿನ ಬೋರ್ಡಿನಷ್ಟಾಗಿ ಸ್ಪಷ್ಟವಾಗಿ ನಿಂತವು.

“ಅದೇನ್ ಅಂಕಲ್ ಬರೀತಿರೋದು?” ವಿಜಯಕುಮಾರ ಕತ್ತು ಚಾಚಿದ.

“ನೀರು ಬರವಲ್ದು ಅಂತ ಅರ್ಜಿ. ನೀ ನಡಿಯಪ್ಪಾ.”

ಇನ್ನು ಬಾಗಿಲಿಗೆ ಯಾರು ಬಂದರೂ ಕಾಣಬಾರದೆಂದು ಮುರಿಗೆಪ್ಪ ಮೇಜನ್ನೇ ತಿರುಗಿಸಿದರು. ಮಾನಿಟರಿನ ಬೆನ್ನು ಬಾಗಿಲಿಗೆ, ಮುಖ ಕಿಟಕಿಗೆ. ಕಿಟಕಿಗೆ ಬೆನ್ನು ಹಾಕಿ ಕೂತು ನೆಮ್ಮದಿಯಿಂದ ಬರೆಯತೊಡಗಿದರು. ತನಗೆ ಟೈಫಾಯ್ಡ್ ಬಂದಾಗ ಇಪ್ಪತ್ತು ದಿನ ಅವಳು ಗಂಜಿ ಕುಡಿಸಿ ಶಾಲೆಗೆ ಓಡಿದ್ದು ಬಂತು. ಮೊದಲ ಯುಗಾದಿಯ ಹೋಳಿಗೆಯೂ ಬಂತು.

ದೀಪ ಹಚ್ಚುವ ಹೊತ್ತಿಗೆ ಚನ್ನಕ್ಕ ಒಳಗೆ ಬಂದರು. ಕಣ್ಣು ಕೆಂಪಾಗಿತ್ತು.

“ಏನ್ರೀ, ಆ ಹೋಳಿಗಿ ನಾ ಮಾಡಿದ್ದಲ್ಲ. ನಿಮ್ಮಕ್ಕ ಮಾಡಿದ್ದು.”

ಮುರಿಗೆಪ್ಪ ಗಕ್ಕನೆ ಹಿಂತಿರುಗಿ ನೋಡಿದರು. ಎದುರು ಕಿಟಕಿಯಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ನೂರ್‌ಜಹಾನ್, ಅವಳ ಹಿಂದೆ ಓಣಿಯ ಐದಾರು ಹೆಂಗಸರು.

“ಎಲ್ಲಾರೂ ಓದ್ಯಾರ. ನಾಳೆ ಶಾಲ್ಯಾಗ ಬ್ಯಾರೆ ಬರದು ಓದ್ರಿ. ಇದು ನನಗಿರ್ಲಿ,” ಎಂದ ಚನ್ನಕ್ಕ ದನಿ ತಗ್ಗಿಸಿದರು. “ಕಡೀ ಸಾಲಿಗೆ ನಿಮ್ಮ ತಲಿ ಅಡ್ಡ ಬಂತು. ಏನ್ ಬರ್ದೀರಿ ಅಲ್ಲೆ?”

ಮುರಿಗೆಪ್ಪ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು.

‘ನಾಳೆಯಿಂದ ಅವಳು ಇಡೀ ದಿನ ಮನೆಯಲ್ಲಿರುತ್ತಾಳೆ. ನಾನು ಇಷ್ಟು ವರ್ಷ ಕಾದದ್ದು ಇದಕ್ಕೇ.’

ಚನ್ನಕ್ಕ ಎರಡು ಸಲ ಓದಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟು, “ರವಿಕಿ ಇನ್ನಾ ಮುಗಿದಿಲ್ಲ,” ಎನ್ನುತ್ತ ಮತ್ತೆ ಎದುರುಮನೆಗೆ ಹೋದರು.

ಮುರಿಗೆಪ್ಪ ನಿಟ್ಟುಸಿರಿಟ್ಟು ಖಾಲಿ ಪುಟ ತೆರೆದರು. ‘ನನ್ನ ಹೆಂಡತಿ’ ಎಂದು ಬರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ನೂರ್‌ಜಹಾನ್ ದನಿ ಕೇಳಿತು.

“ಅಣ್ಣಾ, ಸ್ವಲ್ಪ ಪಕ್ಕಕ್ಕೆ ಕೂತ್ಕೊಳ್ಳಿ. ಹಿಂದಿನವ್ರಿಗೆ ಕಾಣ್ತಿಲ್ಲ.”