ಮಾವನ ಮಾತಾಡೋ ರೇಡಿಯೊ

ಇಡ್ಲಿ ತಟ್ಟೆಯಲ್ಲಿ ಗುಳಿಗಳಿರುವುದು ಯಾತಕ್ಕೆ? ಹಿಟ್ಟು ಹುಯ್ಯುವುದಕ್ಕೆ ಎಂದು ನೀವು ಇಷ್ಟು ದಿನ ನಂಬಿಕೊಂಡಿದ್ದರೆ, ಪಾಪ, ನಿಮಗೆ ನಮ್ಮ ಸೋದರಮಾವನ ಪರಿಚಯವಿಲ್ಲ. ಅವರ ಪ್ರಕಾರ ಇಡ್ಲಿ ತಟ್ಟೆಯನ್ನು ಮಾಡಿದ್ದೇ ರೇಡಿಯೊದ ಬಿಡಿಭಾಗಗಳನ್ನು ವಿಂಗಡಿಸಿಡಲು. ಯಾರೋ ತಿಳಿಗೇಡಿಗಳು ಆಮೇಲೆ ಅದರಲ್ಲಿ ಹಿಟ್ಟು ಹುಯ್ದರು!

ಮಾವ ನನ್ನ ತಾಯಿಯ ಕೊನೆಯ ತಮ್ಮ. ರಾಮನಗರದಲ್ಲಿ ನಮ್ಮದೇ ಮನೆಯ ಮಹಡಿಯ ಮೇಲೆ ಅವರೂ ಅತ್ತೆಯೂ ಇದ್ದಾರೆ, ಕೆಳಗೆ ನಾನೂ ನನ್ನ ಗಂಡನೂ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಗೂಡು ತೂಗಿಸಿ ನಿವೃತ್ತರಾದ ಮನುಷ್ಯ. ಅಲ್ಲಿಯವರೆಗೆ ಅವರಿಗೂ ವಿದ್ಯುತ್ತಿಗೂ ಇದ್ದ ಸಂಬಂಧವೆಂದರೆ ಸ್ವಿಚ್ಚು ಒತ್ತುವುದು ಮಾತ್ರ. ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದವರು ಅತ್ತೆ, ಸ್ಟೂಲು ಹಿಡಿದುಕೊಳ್ಳುತ್ತಿದ್ದವರು ಮಾವ.

ಇಂಥವರು ನಿವೃತ್ತಿಯಾದ ವರ್ಷ ಯಾವುದೋ ಕಾಲೇಜಿನಲ್ಲಿ ಹವ್ಯಾಸಿ ರೇಡಿಯೊದವರು ನಡೆಸಿದ ಪ್ರದರ್ಶನ ನೋಡಿಬಂದರು. ಬಂದವರೇ ಚಪ್ಪಲಿಯನ್ನೂ ಬಿಡದೆ, ತಾವೂ ಒಂದು ರೇಡಿಯೊ ಕಟ್ಟುವುದಾಗಿ ಘೋಷಿಸಿದರು. ಅಂಗಡಿಯಲ್ಲೇ ಸಿಗುತ್ತದಲ್ಲ ಎಂದೆ. ಅಂಗಡಿಯಲ್ಲಿ ಸಿಗುವುದು ಕೇಳುವ ರೇಡಿಯೊ, ನಾನು ಕಟ್ಟುವುದು ಮಾತಾಡುವ ರೇಡಿಯೊ, ಅದರಲ್ಲಿ ಯಾವ ದೇಶದವರ ಜತೆ ಬೇಕಾದರೂ ಮಾತಾಡಬಹುದು ಎಂದು ವಿವರಿಸಿದರು.

ಅತ್ತೆ ಅಡುಗೆಮನೆಯಿಂದಲೇ ಕೇಳಿದರು: “ಮಾತಾಡಕ್ಕೆ ಮನೇಲಿ ನಾನೊಬ್ಳು ಇಲ್ವಾ?”

ಮಾವ ಆಗಲೇ ಚಪ್ಪಲಿ ಸಮೇತ ಮೂಲೆಯ ಕೋಣೆ ಅಳೆಯಲು ಹೋಗಿದ್ದರು.

ಮಾತಾಡುವ ರೇಡಿಯೊ ಇಟ್ಟುಕೊಳ್ಳಲು ಸರ್ಕಾರದ ಪರವಾನಗಿ ಬೇಕು, ಅದಕ್ಕೆ ಪರೀಕ್ಷೆ ಬರೆಯಬೇಕು. ಅರವತ್ತು ದಾಟಿದ ಮೇಲೆ ಮಾವ ಮತ್ತೆ ವಿದ್ಯಾರ್ಥಿಯಾದರು. ಓದುವಾಗ ಟೀವಿ ಹಾಕುವಂತಿಲ್ಲ, ಮಿಕ್ಸಿ ತಿರುಗಿಸುವಂತಿಲ್ಲ. ಪರೀಕ್ಷೆಯ ದಿನ ಅತ್ತೆ ಹಣೆಗೆ ಕುಂಕುಮವಿಟ್ಟು, ಎರಡು ಪೆನ್ನು ಕೊಟ್ಟು, ಮೊಸರನ್ನ ಕಟ್ಟಿ ಕಳಿಸಿದರು. ಪಾಸಾದರು! ಅವರಿಗೊಂದು ಕರೆ ಸಂಕೇತವೂ ಬಂತು. ಅಕ್ಷರ, ಅಂಕೆ ಕೂಡಿದ ಆ ಸಂಕೇತವೇ ಗಾಳಿಯಲ್ಲಿ ಅವರ ಹೆಸರು. ಆದರೆ ಗಾಳಿಯಲ್ಲಿ ಮಾತ್ರ ಬಳಸಿದ್ದರೆ ನಾನೇಕೆ ಈ ಪ್ರಬಂಧ ಬರೆಯುತ್ತಿದ್ದೆ? ಮಾವ ಕದ ತಟ್ಟಿದಾಗ ಒಳಗಿನಿಂದ ಅತ್ತೆ “ಯಾರು?” ಎಂದರೆ ಕರೆ ಸಂಕೇತ ಹೇಳುತ್ತಿದ್ದರು. ಅಂಥ ಹೆಸರಿನವರು ಯಾರೂ ಇಲ್ಲಿಲ್ಲ ಎಂದು ಅತ್ತೆ ಕದ ತೆಗೆಯುತ್ತಿರಲಿಲ್ಲ. ಮಾತು ಮುಗಿದಾಗ ‘ಓವರ್’ ಎನ್ನುವುದೂ ಅಂಟಿಕೊಂಡಿತು.

“ಸಾರಿಗೆ ಒಸಿ ಉಪ್ಪು ಕಮ್ಮಿ ಆಗೈತೆ. ಓವರ್.”

“ಡಬ್ಬ ಅಲ್ಲೇ ಐತೆ, ಹಾಕ್ಕಳಿ. ಓವರ್ ಅಂಡ್ ಔಟ್,” ಎಂದರು ಅತ್ತೆ. ಎಷ್ಟೆಂದರೂ ಅದೇ ಮನೆಯಲ್ಲಿ ಕೂತು ಪಾಠ ಕೇಳಿದವರಲ್ಲವೇ?

ಕೊನೆಗೆ ರೇಡಿಯೊ ಕಟ್ಟುವ ಕಿಟ್ಟು ಬಂತು. ಅಂಗೈಯಗಲದ ಒಂದು ಹಸಿರು ಹಲಗೆ, ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ನೂರಾರು ಬಿಡಿಭಾಗ. ಮನೆಗೆ ಬಂದವರಿಗೆಲ್ಲ ಮಾವನ ಉಪದೇಶ ಶುರುವಾಯಿತು. ಮೊದಲನೆಯದಾಗಿ, ಕಿಟ್ಟು ಬಂದ ದಿನವೇ ಕಾಯಿಸಿ ಬೆಸೆಯುವ ಬೆಸುಗೆ ಕಡ್ಡಿಗೆ ಕೈ ಹಾಕಬಾರದು. ಪುಸ್ತಕವನ್ನು ಕೊನೆಯ ಪುಟದವರೆಗೆ ಓದಬೇಕು. ಆಮೇಲೆ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸಿ, ಮೈಮೇಲಿನ ಬಣ್ಣದ ಪಟ್ಟೆ ನೋಡಿ ಬೇರೆ ಬೇರೆ ಗುಳಿಗಳಲ್ಲಿಡಬೇಕು. ಹಾಲು ಕೊಡಲು ಬಂದವನೂ ಇದನ್ನು ಕೇಳಿಯೇ ಹೋಗಬೇಕಿತ್ತು. ಹೀಗೆ ಅತ್ತೆಯ ಇಡ್ಲಿ ತಟ್ಟೆಗಳು ನಾಲ್ಕೂ ಮಹಡಿಯ ಮೂಲೆಯ ಕೋಣೆ ಸೇರಿದವು, ಅತ್ತೆ ತಟ್ಟೆ ಇಡ್ಲಿಗೆ ತಿರುಗಿದರು. ಬಿಡದಿಯವರು ತಟ್ಟೆ ಇಡ್ಲಿ ಮಾಡಲು ಶುರುಮಾಡಿದ್ದು ಯಾಕೆಂದು ನನಗೆ ಆವತ್ತು ಹೊಳೆಯಿತು. ಅಲ್ಲಿಯೂ ಯಾರದೋ ಗಂಡ ರೇಡಿಯೊ ಕಟ್ಟುತ್ತಿದ್ದಿರಬೇಕು!

ಬೆಸುಗೆ ಹಾಕುವುದೇನು ಸುಲಭವೇ? ಕಾಯಿಸಬೇಕಾದದ್ದು ಬೆಸುಗೆ ತಂತಿಯನ್ನಲ್ಲ, ಎರಡು ಲೋಹ ಸೇರುವ ಜಾಗವನ್ನು. ಜಾಗ ಕಾದರೆ ಬೆಸುಗೆ ತಾನಾಗಿ ಕರಗಿ ಹರಿಯುತ್ತದೆ. ಒಳ್ಳೆಯ ಬೆಸುಗೆ ಹೊಳೆಯುವ ಪುಟ್ಟ ಗೋಪುರದ ಹಾಗಿರಬೇಕಂತೆ. ಮಾವನ ಮೊದಲ ಬೆಸುಗೆಗಳು ಮಾತ್ರ ಅಪ್ಪಟ ನಮ್ಮೂರ ಬಂಡೆಗಳು: ಗುಂಡಗೆ, ಬೂದು ಬಣ್ಣಕ್ಕೆ, ಈಗ ಉರುಳುತ್ತವೋ ಇನ್ನೊಂದು ಗಳಿಗೆಗೆ ಉರುಳುತ್ತವೋ ಎಂಬಂತೆ. ಎಲ್ಲವನ್ನೂ ಕಿತ್ತು ಮತ್ತೆ ಹಾಕಿದರು.

ಒಂದು ದಿನ ಒಂದು ಟ್ರಾನ್ಸಿಸ್ಟರು ಕಾಣೆಯಾಯಿತು. ಅವರೆಕಾಳಿಗಿಂತ ಚಿಕ್ಕದು, ಕರಿಯ ಮೈ, ಮೂರು ಕಾಲು. ಮನೆಯಲ್ಲಿ ಪೊರಕೆ ನಿಷೇಧವಾಯಿತು. ಎರಡು ದಿನ ನಾವೆಲ್ಲ ಟಾರ್ಚು ಹಿಡಿದು ಅಂಬೆಗಾಲಿಕ್ಕಿದೆವು. ಮೂರನೆಯ ದಿನ ಅತ್ತೆಗೆ ಏನೋ ನೆನಪಾಯಿತು. ಮಾಗಡಿ ಅವರೆಕಾಯಿ ಸುಲಿಯಲು ಆ ಕೋಣೆಯಲ್ಲೇ ಕೂತಿದ್ದಾಗ ಮೊರದಲ್ಲಿ ಒಂದು ಕರಿಹುಳ ಕಂಡಿತಂತೆ, ತೆಗೆದು ಕರಿಬೇವಿನ ಗಿಡದ ಬುಡಕ್ಕೆ ಎಸೆದರಂತೆ. ಮಾವ ಬುಡವನ್ನೆಲ್ಲ ಕೆದಕಿ ಅದನ್ನು ಹುಡುಕಿ ತೆಗೆದರು. “ಹುಳಕ್ಕೆ ಮೂರೇ ಕಾಲು ಇರ್ತಾವೇನೇ?” ಎಂದು ಕೇಳಿದಾಗ ಅತ್ತೆ, ಸುಲಿಯುವವಳು ಕಾಳು ಎಣಿಸುತ್ತಾಳೆಯೇ ಹೊರತು ಹುಳದ ಕಾಲನ್ನಲ್ಲ ಎಂದರು.

ಇನ್ನು ಸುರುಳಿಗಳು. ಉಂಗುರದಂಥ ಬಿಲ್ಲೆಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಎಣಿಸಿ ಸುತ್ತಬೇಕು, ಒಂದು ಸುತ್ತು ಹೆಚ್ಚುಕಮ್ಮಿಯಾದರೂ ಕೆಟ್ಟಿತು. ಮಾವ ಹದಿನೇಳಕ್ಕೆ ಬಂದಾಗ ಅತ್ತೆ ಕಾಫಿ ಬೇಕೇ ಎನ್ನುವರು. ಮತ್ತೆ ಒಂದರಿಂದ. ಇಪ್ಪತ್ತೊಂದಕ್ಕೆ ಬಂದಾಗ ಫೋನು. ಮತ್ತೆ ಒಂದರಿಂದ. ಈ ಸಂಕಟ ನೋಡಲಾರದೆ ಕೈ ಹಚ್ಚಿದವರು ಪಕ್ಕದ ಮನೆಯ ಭಾಯಿ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವುದು ಅವರ ಮನೆತನದ ಕಸುಬು, ಮಾರುಕಟ್ಟೆಯ ಕಾಲದಿಂದಲೂ ಮಾವನ ಗೆಳೆಯ. ಕಣ್ಣಿಗೆ ಕಾಣದ ಎಳೆ ಹಿಡಿದು ಪಳಗಿದ ಬೆರಳುಗಳಿಗೆ ಇದೊಂದು ಲೆಕ್ಕವೇ? “ಇಷ್ಟು ದಪ್ಪ ತಂತಿಗೆ ಇಷ್ಟು ಒದ್ದಾಟಾನಾ ಅಣ್ಣಾ,” ಎಂದು ನಗುತ್ತಾ ನಾಲ್ಕೂ ಸುರುಳಿಗಳನ್ನು ಅಚ್ಚುಕಟ್ಟಾಗಿ ಸುತ್ತಿಕೊಟ್ಟು ಚಹಾ ಕುಡಿದು ಹೋದರು.

ಬ್ಯಾಟರಿ ಜೋಡಿಸುವ ದಿನ ಎಲ್ಲರನ್ನೂ ಕರೆದರು. ಮೊದಲು ಮೀಟರು ಹಿಡಿದು ಎಲ್ಲೂ ಶಾರ್ಟ್ ಇಲ್ಲವೆಂದು ನೋಡಿದರು. ಪ್ಲಸ್ಸು ಮೈನಸ್ಸು ಮೂರು ಸಲ ಪರೀಕ್ಷಿಸಿದರು. ಸ್ವಿಚ್ಚು ಒತ್ತಿದರು. ಸುಟ್ಟ ವಾಸನೆ! ಮಾವ ತಂತಿಯನ್ನು ಕಿತ್ತೆಸೆದು ಗೋಡೆಗೆ ಒರಗಿಬಿಟ್ಟರು. ಹಲಗೆ ಮೂಸಿದರೆ ಏನೂ ಇಲ್ಲ. ಮೆರವಣಿಗೆ ನೋಡಲು ಬಂದವರಂತೆ ನಮ್ಮ ಜತೆ ನಿಂತಿದ್ದ ಅತ್ತೆ ತಟ್ಟನೆ ಅಡುಗೆಮನೆಗೆ ಓಡಿದರು. ಸುಟ್ಟದ್ದು ರೇಡಿಯೊ ಅಲ್ಲ, ಬೇಳೆ.

ತಂತಿಯನ್ನು ಮತ್ತೆ ಜೋಡಿಸಿದಾಗ ರೇಡಿಯೊದಲ್ಲಿ ಧ್ವನಿಗಳು ಕೇಳಿದವು. ಲೋಕವೆಲ್ಲ ಏನು ಮಾತಾಡಿಕೊಳ್ಳುತ್ತದೆಂದು ನಾವು ಉಸಿರು ಬಿಗಿಹಿಡಿದು ಆಲಿಸಿದೆವು. ಕೇರಳದ ಒಬ್ಬರು ಮಂಡಿನೋವಿನ ಬಗ್ಗೆ ಹೇಳುತ್ತಿದ್ದರು, ತಮಿಳುನಾಡಿನ ಇನ್ನೊಬ್ಬರು ಎಣ್ಣೆ ಸೂಚಿಸುತ್ತಿದ್ದರು. ಮಾವನಿಗೂ ಮಂಡಿನೋವಿತ್ತು. ಆಸೆಯಿಂದ ಮೈಕು ಹಿಡಿದು ಕರೆದರು. ಉತ್ತರವಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಎಲ್ಲರೂ ಮಾವನಿಗೆ ಕೇಳಿಸುತ್ತಾರೆ, ಮಾವ ಯಾರಿಗೂ ಕೇಳಿಸುವುದಿಲ್ಲ. ಐದು ವ್ಯಾಟಿನ ರೇಡಿಯೊ, ದೇವರಮನೆಯ ಬಲ್ಬಿನಷ್ಟು ಶಕ್ತಿ, ಏನು ಮಾಡುವುದು ಎಂದು ನಾನು ಸಮಾಧಾನ ಹೇಳಿದೆ. ಮಹಡಿಯಿಂದ ತೆಂಗಿನಮರಕ್ಕೆ ಎಳೆದಿದ್ದ ರೇಡಿಯೊದ ಆಂಟೆನಾ ತಂತಿಯ ಮೇಲೆ ಅತ್ತೆ ಸೀರೆ ಒಣಹಾಕತೊಡಗಿದರು. ಮಾವ ಬೇಡವೆನ್ನಲಿಲ್ಲ. ಅದರಿಂದ ನನಗೆ ಒಂಚೂರು ಸಂಕಟವಾಯಿತು ನಿಜ, ಆದರೂ ನಕ್ಕೆ. ಎಲ್ಲರೂ ನಕ್ಕೆವು.

ನಗು ನಿಂತದ್ದು ಆ ಮಳೆಯ ದಿನ.

ನನ್ನ ಗಂಡ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ಕಾರ್ಖಾನೆಯ ಬಸ್ಸಿನಲ್ಲೇ ಹೋಗಿಬರುತ್ತಾರೆ. ಹಿಂದಿನ ದಿನವೆಲ್ಲ ಸುರಿದು ಬೆಳಿಗ್ಗೆ ಕೊಂಚ ಬಿಡುವು ಕೊಟ್ಟಿದ್ದ ಮಳೆ ಹತ್ತರ ಹೊತ್ತಿಗೆ ಮತ್ತೆ ಹಿಡಿದು, ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಕರೆಂಟು ಹೋಗಿ, ಮೊಬೈಲು ಸಿಗ್ನಲ್ಲೂ ಹೋಯಿತು. ಮೂರೂವರೆಗೆ ಬರಬೇಕಾದ ಬಸ್ಸು ನಾಲ್ಕೂವರೆಯಾದರೂ ಬರಲಿಲ್ಲ. ಅಷ್ಟರಲ್ಲಿ ಬೀದಿಯ ಕೊನೆಯ ಅಂಗಡಿಯವನು, ಕೆರೆ ಕೋಡಿ ಹರಿದು ಹಾರೋಹಳ್ಳಿ ರಸ್ತೆ ಮುಚ್ಚಿದೆ, ಯಾವುದೋ ಬಸ್ಸು ನೀರಿಗೆ ಸಿಕ್ಕಿದೆಯಂತೆ ಎಂದ. ಯಾವ ಬಸ್ಸು? ಅವನಿಗೆ ಗೊತ್ತಿರಲಿಲ್ಲ. ನಾನು ಮಹಡಿ ಹತ್ತಿ ಹೋಗಿ ಮಾವನ ಕೋಣೆಯ ಬಾಗಿಲಲ್ಲಿ ನಿಂತೆ.

ಮಾವ ನನ್ನ ಮುಖ ನೋಡಿದರು. ಆ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಆಗಲೇ ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದಿಟ್ಟುಕೊಂಡಿದ್ದರು. ಅತ್ತೆ ಮಳೆಯಲ್ಲೇ ಹೋಗಿ ತಂತಿಯ ಮೇಲಿದ್ದ ಸೀರೆಯನ್ನು ಎಳೆದುಹಾಕಿದರು. ಮಾವ ಕರೆದರು. ಕರೆದರು. ರೇಡಿಯೊದಲ್ಲಿ ಯಾರೋ ಇಬ್ಬರು ಸ್ಪಷ್ಟವಾಗಿ ಕನ್ನಡದಲ್ಲೇ ಮಳೆಯ ಬಗ್ಗೆ ಮಾತಾಡುತ್ತಿದ್ದರು, ಒಬ್ಬ ಹೆಂಗಸು ಹಾರೋಹಳ್ಳಿ, ಕನಕಪುರದ ಕಡೆಯ ರಸ್ತೆಗಳ ವಿಷಯ ಹೇಳುತ್ತಿದ್ದರು. ನಮಗೆ ಬೇಕಾದ ಜಾಗದ ಧ್ವನಿ ಕೈಯಳತೆಯಲ್ಲಿದೆ, ಅದಕ್ಕೆ ನಮ್ಮ ಧ್ವನಿ ಮಾತ್ರ ಕೇಳುತ್ತಿಲ್ಲ. ಇದಕ್ಕಿಂತ ಕಷ್ಟ ಬೇರೆ ಇದೆಯೇ?

ಸುದ್ದಿ ಕೇಳಿ ಭಾಯಿ ನೆನೆದುಕೊಂಡೇ ಬಂದರು. ಅರ್ಧ ಗಂಟೆ ಮಾವನ ಒದ್ದಾಟ ನೋಡಿದರು. ಆಮೇಲೆ ಕನ್ನಡಕ ಏರಿಸಿ, ಟಾರ್ಚು ಹಿಡಿದು ಹಲಗೆಯ ಮೇಲೆ ಬಗ್ಗಿ, ತಾವೇ ಸುತ್ತಿದ್ದ ಕೊನೆಯ ಸುರುಳಿಯನ್ನು ದಿಟ್ಟಿಸಿದರು.

“ಅಣ್ಣಾ, ಈ ತಂತಿಗೆ ಮೇಲೆ ಬಣ್ಣ ಐತಲ್ಲ. ಬೇರೆ ಮೂರರ ತುದಿ ಕೆರೆದಿದ್ದೀರಾ. ಇದನ್ನ ಕೆರೆದೇ ಇಲ್ಲ.”

ತಾಮ್ರದ ತಂತಿಗೆ ಸವರಿದ ಅರಗಿನಂಥ ಲೇಪವನ್ನು ಕೆರೆಯದೆ ಬೆಸುಗೆ ಹಾಕಿದರೆ ವಿದ್ಯುತ್ತು ದಾಟುವುದಿಲ್ಲ. ಊರಿಗೆಲ್ಲ ಉಪದೇಶ ಮಾಡಿದ ಮಾವ ಅದೊಂದು ತುದಿಯನ್ನು ಮರೆತಿದ್ದರು. ಕಳಿಸುವ ಕಡೆಯ ಸುರುಳಿ ಅದು. ಒಂದು ತಿಂಗಳಿಂದ ಅವರ ಮಾತು ಆ ಡಬ್ಬಿಯಿಂದ ಆಚೆಗೇ ಹೋಗಿರಲಿಲ್ಲ!

ತುದಿಯನ್ನು ಬ್ಲೇಡಿನಿಂದ ಕೆರೆದದ್ದಾಯಿತು. ಬೆಸುಗೆ ಹಾಕಲು ಕರೆಂಟೆಲ್ಲಿದೆ? ಅತ್ತೆ ಬೆಸುಗೆ ಕಡ್ಡಿಯನ್ನು ಮಾವನ ಕೈಯಿಂದ ಕಿತ್ತುಕೊಂಡು, ಗ್ಯಾಸ್ ಒಲೆಯ ಉರಿಗೆ ಅದರ ಮೂತಿ ಹಿಡಿದು, ಕಾಯಿಸಿ ಓಡಿತಂದರು. ಮೊದಲ ಸಲ ದಾರಿಯಲ್ಲೇ ಆರಿತು. ಎರಡನೆಯ ಸಲ ಮಾವನೇ ಹಲಗೆ ಹೊತ್ತು ಒಲೆಯ ಪಕ್ಕ ಬಂದು ಕೂತರು. ಬೆಸುಗೆ ಹೊಳೆಯುತ್ತಾ ಹರಿಯಿತು.

ಮತ್ತೆ ಕೋಣೆಗೆ ಬಂದು ಕರೆದರು. ಎರಡನೆಯ ಕರೆಗೇ ಆ ಹೆಂಗಸು ಉತ್ತರಿಸಿದರು. ಹಾರೋಹಳ್ಳಿಯ ಹತ್ತಿರದಲ್ಲೇ ಇರುವ ನಿವೃತ್ತ ಟೀಚರಮ್ಮನಂತೆ. ಮೊದಲ ಸಂಪರ್ಕದಲ್ಲಿ ಏನು ಹೇಳಬೇಕೆಂದು ಮಾವ ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದರು. ಅದೆಲ್ಲ ಮರೆತು, ಕರೆ ಸಂಕೇತವನ್ನೂ ಅರ್ಧಕ್ಕೇ ಬಿಟ್ಟು, “ಅಮ್ಮಾ, ನಮ್ ಹುಡ್ಗಿ ಗಂಡ ಇನ್ನೂ ಬಂದಿಲ್ಲ,” ಎಂದರು. ಆಕೆ ಬಸ್ಸಿನ ವಿವರ, ಹೆಸರು ಕೇಳಿ ಬರೆದುಕೊಂಡರು. ರಸ್ತೆಯಲ್ಲಿ ಸಿಕ್ಕಿಕೊಂಡವರನ್ನು ಊರಿನ ಕಲ್ಯಾಣ ಮಂಟಪದಲ್ಲಿ ಇಳಿಸಿದ್ದಾರೆ, ನಾನೇ ಹೋಗಿ ನೋಡಿಬರುತ್ತೇನೆ, ರೇಡಿಯೊ ಆರಿಸಬೇಡಿ ಎಂದರು.

ನಲವತ್ತು ನಿಮಿಷ. ಮಾವ ನಮಗೆ ಬೆನ್ನು ಮಾಡಿ, ರೇಡಿಯೊಗೆ ಮುಖ ಮಾಡಿ ಕೂತರು. ಅತ್ತೆ ನನ್ನ ಕೈ ಹಿಡಿದುಕೊಂಡರು. ಭಾಯಿ ಬಾಗಿಲ ಬಳಿ ನಿಂತು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದರು. ರೇಡಿಯೊದಲ್ಲಿ ಬರೀ ಎಣ್ಣೆಯಲ್ಲಿ ಹಪ್ಪಳ ಬಿಟ್ಟಂಥ ಸದ್ದು.

ಆಮೇಲೆ ಆ ಧ್ವನಿ ಬಂತು. “ಸಿಕ್ಕಿದ್ರು ಸಾರ್. ನಾನೇ ಮಾತಾಡಿಸ್ದೆ, ಚೆನ್ನಾಗವ್ರೆ. ಬಸ್ಸು ನೀರಿಗೆ ಇಳಿದೇ ಇಲ್ಲ, ಈಚೆನೇ ನಿಂತೈತೆ. ಸಿಕ್ಕಾಕ್ಕೊಂಡಿದ್ದು ಒಂದು ಲಾರಿ, ಅದರ ಡ್ರೈವರೂ ಇಲ್ಲೇ ಕೂತವ್ರೆ. ಉಪ್ಪಿಟ್ಟು ತಿಂತಾವ್ರೆ ಎಲ್ರೂ. ನಿಮ್ಮವರು ಒಂದು ಮಾತು ಹೇಳಿ ಅಂದ್ರು. ಮಹಡಿ ಮೇಲೆ ಅವರ ಹೊಸಾ ಪ್ಯಾಂಟು ಒಣಗಾಕಿತ್ತಂತೆ, ಎತ್ಕಂಡ್ರಾ ಅಂತ.”

ಬದುಕಿದ್ದೇನೆ ಎಂದು ಹೇಳಿಕಳಿಸಲು ಮನುಷ್ಯರಿಗೆ ಇಂಥದೇ ಮಾತು ಸಿಗಬೇಕೇ? ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು. ಭಾಯಿ ಎರಡೂ ಕೈಯನ್ನು ಮುಖಕ್ಕೆ ಸವರಿಕೊಂಡು, ಮನೆಯವರಿಗೆ ಹೇಳಿಬರುತ್ತೇನೆಂದು ಮೆಟ್ಟಿಲಿಳಿದರು. ಅತ್ತೆ ಕಾಫಿಗಿಡಲು ಹೋದರು.

ಮಾವ ಟೀಚರಮ್ಮನಿಗೆ ಕೃತಜ್ಞತೆ ಹೇಳಿ, ಮೈಕು ಕೆಳಗಿಟ್ಟು, ಹಾಗೇ ಬೆನ್ನು ಮಾಡಿಕೊಂಡೇ ಕೂತಿದ್ದರು. ಪ್ಯಾಂಟನ್ನು ಬೆಳಿಗ್ಗೆಯೇ ಎತ್ತಿದ್ದೆ ಮಾವ ಎಂದೆ. ಅವರು ತಲೆಯಾಡಿಸಿದರು, ತಿರುಗಲಿಲ್ಲ. ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟೆ.

“ಹೋಗವ್ವ,” ಎಂದರು ಗೋಡೆಯನ್ನೇ ನೋಡುತ್ತಾ. “ಮಕ ತೊಳ್ಕಂಡು ಬಾ. ನೀ ಬಂದ್ಮೇಲೆ ನಾನೂ ತೊಳ್ಕತೀನಿ.”